ಯಾವ ಬಸಪ್ಪ?

(ಧಾರವಾಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಧಾರವಾಡದಲ್ಲಿ ದತ್ತಿ ಉಪನ್ಯಾಸ ಇಲ್ಲದ ಸಂಜೆಗಳು ಕಡಿಮೆ. 1890ರಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದ ಊರು ಇದು. ಕನ್ನಡಕ್ಕೆ ಅಂತ ಒಂದಿಷ್ಟು ದುಡ್ಡು ತೆಗೆದಿಡುವುದು ಇಲ್ಲಿನ ಮಾಸ್ತರರ, ಕಾರಕೂನರ ಮನೆಗಳಲ್ಲಿ ರೂಢಿಯೇ ಆಗಿಬಿಟ್ಟಿದೆ. ಅಪ್ಪನ ಹೆಸರಿನಲ್ಲಿ, ಅವ್ವನ ಹೆಸರಿನಲ್ಲಿ, ಅಕಾಲದಲ್ಲಿ ಹೋದ ಮಗನ ಹೆಸರಿನಲ್ಲಿ ಇಡಗಂಟು ಇಡುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಭಾಷಣ, ಒಂದು ಹಾರ, ಎಲ್ಲರಿಗೂ ಚಹಾ. ದಾನಿಗಳ ಬಯಕೆ ದೊಡ್ಡದೇನಲ್ಲ: ಆ ಹೆಸರು ವರ್ಷಕ್ಕೊಮ್ಮೆಯಾದರೂ ಸಭೆಯಲ್ಲಿ ಕೇಳಿಬರಬೇಕು.

ಕಾರ್ಯದರ್ಶಿಗಳು ಈಗ ಇಂದಿನ ದತ್ತಿಯ ಹೆಸರನ್ನು ಓದಿದರು. ಹೆಸರು, ತಂದೆಯ ಹೆಸರು, ಅಡ್ಡಹೆಸರು, ಮೂರನ್ನೂ ಸ್ಪಷ್ಟವಾಗಿ ಓದಿದರು. ನಾನು ಮುಂದಿನ ಸಾಲಿನಲ್ಲಿದ್ದೆ. ಹಿಂದೆ ಕುಳಿತಿದ್ದ ಇಬ್ಬರು ಹಿರಿಯರು ಪಿಸುಗುಟ್ಟಿದ್ದು ನನಗೂ ಕೇಳಿಸಿತು. “ಯಾರ್ರಿ ಇವರು?” “ಗೊತ್ತಾಗಲಿಲ್ಲೇನು? ಕೊಡಿ ಮಾಸ್ತರು!” “ಹೌದೇನು! ಕೊಡಿ ಮಾಸ್ತರs ಏನು!” ಅಲ್ಲಿಂದ ಮುಂದೆ ಸ್ವಾಗತ ಭಾಷಣ ಅವರಿಬ್ಬರ ಕಿವಿಗೆ ಬೀಳಲಿಲ್ಲ. ಬೇಸಿಗೆಯಲ್ಲೂ ಕೊಡೆ ಬಿಡದ ಮಾಸ್ತರು, ಅದರ ಹಿಡಿಕೆಯಿಂದಲೇ ಹುಡುಗರ ಕೊರಳು ಹಿಡಿದು ಎಳೆಯುತ್ತಿದ್ದರಂತೆ, ಗಣಿತ ಮಾತ್ರ ಅವರ ಹಾಗೆ ಯಾರೂ ಕಲಿಸಲಿಲ್ಲವಂತೆ. ಮನೆಯವರು ಇಲ್ಲೇ ಇದ್ದೀರಿ, ತಪ್ಪು ತಿಳಿಯಬೇಡಿ. ಇಡಗಂಟು ಒಂದು ಹೆಸರನ್ನು ಕಾಯುತ್ತಿದೆ, ಊರು ಇನ್ನೊಂದನ್ನು ಕಾಯುತ್ತಿದೆ. ನಾನು ಇವತ್ತು ಮಾತಾಡಬೇಕು ಅಂದುಕೊಂಡದ್ದು ಈ ಎರಡನೆಯದರ ಬಗ್ಗೆ.

ಹೆಸರು ಮರೆತಾಗ ಗುರುತು ಹೇಳಿ ಪಾರಾಗುತ್ತೇವೆ, ಗುರುತಿನ ಹೆಸರು ಅಂದರೆ ಸೋತ ನೆನಪಿನ ಊರುಗೋಲು ಅಂತ ಸಾಮಾನ್ಯ ತಿಳಿವಳಿಕೆ. ನನಗೆ ಹಾಗೆ ಅನಿಸುವುದಿಲ್ಲ. ಹೆಸರು ನಾವು ಹುಟ್ಟಿದ ಹನ್ನೆರಡನೆಯ ದಿನಕ್ಕೋ ಹದಿಮೂರನೆಯ ದಿನಕ್ಕೋ, ನಮ್ಮ ಬಗ್ಗೆ ಯಾರಿಗೂ ಏನೂ ಗೊತ್ತಿಲ್ಲದಾಗ ಬೀಳುತ್ತದೆ. ಗುರುತು ಬೀಳಬೇಕಾದರೆ ಯಾರೋ ನಮ್ಮನ್ನು ನೋಡಿರಬೇಕು. ಒಮ್ಮೆ ಅಲ್ಲ, ದಿನಾಲೂ, ನಮಗೆ ತಿಳಿಯದಂತೆ. ಆ ನೋಟದಲ್ಲಿ ಪ್ರೀತಿ ಇರಬಹುದು, ಅಧಿಕಾರವೂ ಇರಬಹುದು. ಯಾರು ಯಾರನ್ನು ನೋಡಿ ಕರೆದರು ಎಂಬುದನ್ನು ಬಿಟ್ಟು ಈ ಹೆಸರುಗಳ ಬಗ್ಗೆ ಮಾತಾಡಲು ಬರುವುದಿಲ್ಲ.

ಓಣಿಯಿಂದಲೇ ಶುರು ಮಾಡೋಣ. ಧಾರವಾಡದ ಕಾಮನಕಟ್ಟಿಯಲ್ಲೋ ಮದಿಹಾಳದಲ್ಲೋ, ಹುಬ್ಬಳ್ಳಿಯ ಹಳೆಯ ಓಣಿಗಳಲ್ಲೋ ನಿಂತು ಬಸಪ್ಪನವರ ಮನೆ ಕೇಳಿ ನೋಡಿ. “ಯಾವ ಬಸಪ್ಪರಿ?” ಅಂತ ಕಟ್ಟೆಯ ಮೇಲಿನಿಂದ ಮರುಪ್ರಶ್ನೆ ಬರುತ್ತದೆ. “ಗಿರಣಿ ಬಸಪ್ಪನೋ, ರುಮಾಲ ಬಸಪ್ಪನೋ, ಅರ್ಜಿ ಬಸಪ್ಪನೋ?” ಬಸಪ್ಪ ಎಂಬುದನ್ನು ಉದಾಹರಣೆಗೆ ಹೇಳುತ್ತಿದ್ದೇನೆ, ಮಲ್ಲಪ್ಪ, ಈರಣ್ಣ, ಹುಸೇನಸಾಬ ಯಾರೇ ಇದ್ದರೂ ಇದೇ ಪ್ರಶ್ನೆ. ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ನಾಡು ನಮ್ಮದು. ಮನೆದೇವರ ಹೆಸರು, ಊರದೇವರ ಹೆಸರು, ಹರಕೆ ಹೊತ್ತ ಅಜ್ಜನವರ ಹೆಸರು ಸುತ್ತಿ ಸುತ್ತಿ ಅವೇ ಮನೆಗಳಿಗೆ ಬರುತ್ತವೆ. ಕೂಸು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ, ತಿಪ್ಪವ್ವ ಅನ್ನುವ ಪದ್ಧತಿಯೂ ಇತ್ತು. ಹೀಗಾಗಿ ಒಂದು ಓಣಿಗೆ ನಾಲ್ಕು ತಿಪ್ಪಣ್ಣಂದಿರು. ಹೆಸರು ಗುರುತಿಗೆ ಸಾಲದಾದಾಗ ಗುರುತೇ ಹೆಸರಾಗಬೇಕಾಯಿತು.

ಅರ್ಜಿ ಬಸಪ್ಪ ಎಂಬಂಥ ಹೆಸರಿನ ಕಸುಬುಗಾರಿಕೆ ನೋಡಿ. 1962ರಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಸೇರಿ ಒಂದು ಮಹಾನಗರ ಪಾಲಿಕೆ ಆಯಿತಲ್ಲ, ಅಲ್ಲಿಂದ ಇಂದಿನವರೆಗೆ ಗಟಾರ, ನಲ್ಲಿ, ಬೀದಿದೀಪ ಅಂತ ಪಾಲಿಕೆಗೆ ಅರ್ಜಿ ಬರೆಯುವವರು ಪ್ರತಿ ಓಣಿಗೂ ಒಬ್ಬರಿದ್ದಾರೆ. ಅಂಥವರಿಗೆ ಈ ಹೆಸರು ಬೀಳುತ್ತದೆ. ಅದರಲ್ಲಿ ಒಂದಿಷ್ಟು ಚೇಷ್ಟೆ ಇದೆ, ಒಂದಿಷ್ಟು ಕೃತಜ್ಞತೆಯೂ ಇದೆ, ಯಾಕೆಂದರೆ ಕಡೆಗೆ ನಲ್ಲಿಗೆ ನೀರು ಬಂದದ್ದು ಆ ಅರ್ಜಿಯಿಂದಲೇ. ಒಬ್ಬನ ಆಯುಷ್ಯದ ಹಟವನ್ನು ಎರಡು ಅಕ್ಷರದಲ್ಲಿ ಹಿಡಿಯುವ ಕೆಲಸವನ್ನು ನಮ್ಮ ಕಾದಂಬರಿಕಾರರು ಇನ್ನೂರು ಪುಟದಲ್ಲಿ ಮಾಡುತ್ತಾರೆ. ಮಾಡಲಿ, ಅದೂ ಬೇಕು.

ಓಣಿಯ ಬಾಯಲ್ಲಿ ಇದ್ದದ್ದು ಕಾಗದಕ್ಕೆ ಇಳಿದಾಗ ಅಡ್ಡಹೆಸರಾಯಿತು. ಮೈಸೂರು ಸೀಮೆಯವರು ಊರು, ಅಪ್ಪ ಎಲ್ಲವನ್ನೂ ಒಂದೆರಡು ಅಕ್ಷರ ಮಾಡಿ ಹೆಸರಿನ ಮುಂದೆ ಇಟ್ಟುಕೊಂಡರು. ನಾವು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದವರು. ಸಾಲೆಯ ಹಾಜರಿ ಪುಸ್ತಕದಲ್ಲಿ, ಹೊಲದ ಉತಾರದಲ್ಲಿ, ಕೋರ್ಟಿನ ಕಟ್ಲೆಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಬೇಕೆಂಬ ಪದ್ಧತಿ ನಮ್ಮದಾಯಿತು. ಮಗುವನ್ನು ಸಾಲೆಗೆ ಕರೆದೊಯ್ದ ಕಾಕಾನನ್ನು ಮಾಸ್ತರು ಕೇಳಿರಬೇಕು: “ನಿಮ್ಮ ಮನಿತನಕ್ಕ ಏನಂತಾರ?” ಏನು ಅನ್ನುತ್ತಿದ್ದರೋ ಅದು ಶಾಯಿಯಲ್ಲಿ ಬಿತ್ತು. ಹಿತ್ತಲಲ್ಲಿ ಹುಣಸಿಮರ ಇದ್ದವರು ಹುಣಸಿಮರದ, ಕಟ್ಟೆಯ ಮನೆಯವರು ಕಟ್ಟಿಮನಿ, ವಾಡೆಯಂಥ ಮನೆಯವರು ದೊಡ್ಡಮನಿ. ವ್ಯಾಪಾರದವರು ಬೆಲ್ಲದ, ಅಕ್ಕಿ, ಎಣ್ಣಿ, ಉಳ್ಳಾಗಡ್ಡಿ, ಮೆಣಸಿನಕಾಯಿ. ಕಸಬಿನವರು ಕಂಬಾರ, ಬಡಿಗೇರ, ಪತ್ತಾರ, ಹೂಗಾರ. ಮುಸಲ್ಮಾನರಲ್ಲೂ ಇದೇ ಸಂಪ್ರದಾಯ: ಹತ್ತಿ ಹಿಂಜುವವರು ನದಾಫ, ಅತ್ತರಿನವರು ಅತ್ತಾರ, ಹಣ್ಣಿನವರು ಬಾಗವಾನ, ಚೂರಿ ಕತ್ತರಿಗೆ ಸಾಣೆ ಹಿಡಿಯುವವರು ಶಿಕಲಗಾರ. ಕರಿಯಣ್ಣವರ, ಕೆಂಚಣ್ಣವರ ಅಂದರೆ ಎಂದೋ ಒಬ್ಬ ಕರಿಯಣ್ಣ, ಕೆಂಚಣ್ಣ ಇದ್ದ. ಅವನ ಮೈಬಣ್ಣ ಏಳು ತಲೆಮಾರಿಗೂ ಹತ್ತಿಕೊಂಡಿತು, ಈಗಿನವರು ಯಾವ ಬಣ್ಣದವರೇ ಇರಲಿ. ಡಾ. ಎಂ.ಎಂ. ಕಲಬುರ್ಗಿಯವರು ‘ಕನ್ನಡ ನಾಮವಿಜ್ಞಾನ’ ಅಂತಲೇ ಪುಸ್ತಕ ಬರೆದರು. ಶಾಸನಗಳನ್ನು ಓದುವಷ್ಟೇ ಗಾಂಭೀರ್ಯದಿಂದ ಹೆಸರುಗಳನ್ನು ಓದಬೇಕೆಂದು ಅವರಿಗೆ ಅನಿಸಿದ್ದು ಈ ಊರಿನಲ್ಲಿ ಕುಳಿತಾಗ ಎಂಬುದರಲ್ಲಿ ನನಗೆ ಆಶ್ಚರ್ಯವಿಲ್ಲ.

ಇದು ನಮ್ಮದೇ ವಿಶೇಷ ಅಂತ ಬೀಗುವಂತಿಲ್ಲ. ಹಳೆಯ ರೋಮಿನವರೂ ನಮ್ಮ ಹಾಗೆಯೇ. ಗಂಡುಮಕ್ಕಳಿಗೆ ಇಡುವ ಬಳಕೆಯ ಹೆಸರುಗಳು ಇಪ್ಪತ್ತರೊಳಗೆ. ಎಲ್ಲಿ ಕರೆದರೂ ನಾಲ್ಕು ಜನ ಮಾರ್ಕಸರು ತಿರುಗಿ ನೋಡಬೇಕು. ಆದ್ದರಿಂದ ಮೂರನೆಯದಾಗಿ ಒಂದು ಅಡ್ಡಹೆಸರು. ಅವು ಎಂಥವು ಅಂದರೆ ಮೆಳ್ಳಗಣ್ಣಿನವ, ತೊದಲ, ದಪ್ಪ, ಮೂಗ. ಮೂಗ ಅಂದರೆ ಮಾತು ಬಾರದವನಲ್ಲ, ದೊಡ್ಡ ಮೂಗಿನವ; ಮಹಾಕವಿ ಓವಿಡನ ಅಡ್ಡಹೆಸರು ಅದೇ. ಇನ್ನು ವಾಗ್ಮಿ ಸಿಸೆರೋ ನಮ್ಮ ಕಡೆ ಹುಟ್ಟಿದ್ದರೆ ‘ಕಡ್ಲಿ’ ಆಗುತ್ತಿದ್ದ. ಅವನ ಹಿರಿಯನೊಬ್ಬನ ಮೂಗಿನ ತುದಿ ಕಡಲೆಕಾಳಿನ ಹಾಗೆ ಸೀಳಿಕೊಂಡಿತ್ತು ಅಂತ ಪ್ಲುಟಾರ್ಕ್ ಬರೆಯುತ್ತಾನೆ. ರಾಜಕಾರಣಕ್ಕೆ ಇಳಿದಾಗ ಗೆಳೆಯರು ಈ ಹೆಸರು ಬಿಡು ಮಾರಾಯ ಅಂದರಂತೆ. ಬಿಡಲಿಲ್ಲ. ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದಾಗ ದೇವರಿಗೊಂದು ಬೆಳ್ಳಿಯ ಪಾತ್ರೆ ಒಪ್ಪಿಸಿದ. ಅದರ ಮೇಲೆ ಮಾರ್ಕಸ್, ತುಲ್ಲಿಯಸ್ ಅಂತ ಎರಡು ಹೆಸರು ಬರೆಸಿ, ಮೂರನೆಯದನ್ನು ಬರೆಯಬೇಡ, ಒಂದು ಕಡಲೆಕಾಳು ಕೆತ್ತು ಅಂತ ಅಕ್ಕಸಾಲಿಗನಿಗೆ ಹೇಳಿದನಂತೆ. ಆ ಧಿಮಾಕು ನನಗೆ ಬಹಳ ಹಿಡಿಸುತ್ತದೆ.

ಬೆಂಗಳೂರಿನ ಕಂಪನಿಗಳಿಗೆ ಹೋದ ನಮ್ಮ ಹುಡುಗರಲ್ಲಿ ಅಡ್ಡಹೆಸರು ಬಿಡದವರು, ಬಿಟ್ಟವರು ಎರಡೂ ಜಾತಿಯವರನ್ನು ಕಂಡಿದ್ದೇನೆ. ಒಬ್ಬ, ಉಳ್ಳಾಗಡ್ಡಿ ಅಂದರೆ ಏನು ಅಂತ ಸಹೋದ್ಯೋಗಿಗಳು ಕೇಳಿದಾಗ ಮೇಜಿನ ಮೇಲೆ ಉಳ್ಳಾಗಡ್ಡಿಯನ್ನೇ ಇಟ್ಟು ಕೂತವನು. ಇನ್ನೊಬ್ಬ ಅಫಿಡವಿಟ್ ಮಾಡಿಸಿ, ಪತ್ರಿಕೆಯ ಸಣ್ಣ ಜಾಹೀರಾತಿನಲ್ಲಿ “ಇನ್ನು ಮುಂದೆ ನನ್ನನ್ನು ಈ ಹೆಸರಿನಿಂದ ಗುರುತಿಸತಕ್ಕದ್ದು” ಅಂತ ಹಾಕಿಸಿದವನು. ಊರಿಗೆ ಬಂದರೆ ಆ ಎರಡನೆಯವನನ್ನು ಈಗ ಜಾಹೀರಾತು ಅಂತ ಕರೆಯುತ್ತಾರೆ ಎಂದು ಕೇಳಿದೆ. ನಿಜವೋ ಸುಳ್ಳೋ, ಹಾಗೆ ಕರೆಯದಿದ್ದರೆ ಅದು ನಮ್ಮ ಊರೇ ಅಲ್ಲ.

ಊರಿನ ಹೆಸರು ಅಡ್ಡಹೆಸರಾಗುವ ಬಗೆ ಇನ್ನೂ ಸೋಜಿಗದ್ದು. ಹಾನಗಲ್ಲಿನಲ್ಲಿ ಎಲ್ಲರೂ ಹಾನಗಲ್ಲಿನವರೇ, ಅಲ್ಲಿ ಅದು ಗುರುತಾಗುವುದಿಲ್ಲ. ಬಿಟ್ಟು ಬಂದ ಮೇಲೆ, ಬಂದ ಊರಿನವರು ಇಟ್ಟ ಹೆಸರು ಅದು. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ, 2009ರಲ್ಲಿ ತೀರಿಕೊಂಡದ್ದೂ ಹುಬ್ಬಳ್ಳಿಯಲ್ಲಿ. ಜಗತ್ತಿಗೆ ಗೊತ್ತಾದದ್ದು ಹಾನಗಲ್. ಆದರೆ ಸಂಗೀತ ಕೇಳುವವರಿಗೆ ಅವರ ನಿಜವಾದ ಗುರುತು ಊರಲ್ಲ, ಧ್ವನಿ. ಗಂಟಲಿಗೆ ಚಿಕಿತ್ಸೆಯಾದ ಮೇಲೆ ಗಂಡುದನಿಯಂತಾದ ಆ ಕಂಠ. ಧಾರವಾಡ ಆಕಾಶವಾಣಿ 1950ರ ಜನವರಿ 8ಕ್ಕೆ ಶುರುವಾಯಿತು. ರೇಡಿಯೊದ ಮುಂದೆ ಕುಳಿತ ಹಿರಿಯರ ಹೆಮ್ಮೆ ಇದ್ದದ್ದು ಹೆಸರು ಹೇಳುವ ಮೊದಲೇ ಹಾಡುವವರನ್ನು ಹಿಡಿಯುವುದರಲ್ಲಿ. ಷಡ್ಜ ಹಚ್ಚಿದರೆ ಸಾಕು, ಇದು ಮನಸೂರರು, ಇದು ರಾಜಗುರುಗಳು. ಉದ್ಘೋಷಕರು ಆಮೇಲೆ ಹೆಸರು ಹೇಳಿದರೆ ಅದು ಬರಿ ದೃಢೀಕರಣ. ಗಂಗೂಬಾಯಿಯವರ ಗುರುಗಳು ಕುಂದಗೋಳದವರು, ಹೆಸರು ರಾಮಚಂದ್ರ. ಸವಾಯಿ ಗಂಧರ್ವ ಅಂದರೆ ಮಾತ್ರ ಎಲ್ಲರಿಗೂ ತಿಳಿಯುತ್ತದೆ. ಬೆಳಗಾವಿ ಕಡೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಲಿ ಯಾರು ಅಂತ ಕೇಳಿದರೆ ಇಲ್ಲಿ ಎಷ್ಟು ಕೈ ಏಳುತ್ತವೋ. ಕುಮಾರ ಗಂಧರ್ವ ಅಂದರೆ ಎಲ್ಲರದೂ ಏಳುತ್ತದೆ. ಹತ್ತೊಂಬತ್ತನೆಯ ಶತಮಾನದ ಚೆನ್ನಬಸಪ್ಪನವರಿಗೆ ಶಿಕ್ಷಣ ಇಲಾಖೆಯ ಡೆಪ್ಯುಟಿ ಹುದ್ದೆಯೇ ಮೊದಲ ಹೆಸರಾಗಿ ಡೆಪ್ಯುಟಿ ಚೆನ್ನಬಸಪ್ಪನವರಾದರು. ಅಂಥ ಡೆಪ್ಯುಟಿಗಳು ಎಷ್ಟೋ ಜನ ಆಗಿಹೋದರು, ಆ ಪದ ಅಂಟಿದ್ದು ಕನ್ನಡ ಶಾಲೆಗಳಿಗಾಗಿ ದುಡಿದ ಅವರೊಬ್ಬರಿಗೆ. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆ ಎಲ್ಲಿ ಅಂತ ಸಾಹಿತಿಗಳನ್ನು ಕೇಳಿದರೆ ‘ಅಟ್ಟ’ ಅನ್ನುತ್ತಾರೆ. ಮನುಷ್ಯರಿಗಷ್ಟೇ ಅಲ್ಲ, ಸಂಸ್ಥೆಗಳಿಗೂ ನಾವು ಗುರುತಿನ ಹೆಸರು ಇಡದೆ ಬಿಟ್ಟವರಲ್ಲ.

ವಿಜ್ಞಾನ ಏನು ಹೇಳುತ್ತದೆ ಅಂತ ಯಾರಾದರೂ ಕೇಳುತ್ತೀರಿ, ಅದನ್ನೂ ಹೇಳಿಬಿಡುತ್ತೇನೆ. 1987ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಗುರುತಿಲ್ಲದ ಮುಖಗಳ ಚಿತ್ರ ತೋರಿಸಿ, ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಕಸಬು ಹೇಳಿಕೊಟ್ಟರು. ಕೆಲವು ಪದಗಳು ಅಲ್ಲಿ ಹೆಸರೂ ಹೌದು, ಕಸಬೂ ಹೌದು. ನಮ್ಮ ಲೆಕ್ಕದಲ್ಲಿ, ಒಂದು ಮುಖ ತೋರಿಸಿ ಇವನ ಅಡ್ಡಹೆಸರು ಬಡಿಗೇರ ಅಂದ ಹಾಗೆ, ಇನ್ನೊಂದು ತೋರಿಸಿ ಇವನು ಬಡಿಗತನ ಮಾಡುತ್ತಾನೆ ಅಂದ ಹಾಗೆ. ಆಮೇಲೆ ಕೇಳಿದರೆ ಕಸಬು ಹೆಚ್ಚು ಜನರಿಗೆ ನೆನಪಿತ್ತು, ಹೆಸರು ಜಾರಿತ್ತು. ಪದ ಅದೇ! ಕಸಬು ಅಂದಕೂಡಲೇ ಉಳಿ, ಬಾಚಿ, ಗರಗಸ, ಕಟ್ಟಿಗೆಯ ಪುಡಿ, ಸಾಗವಾನಿಯ ವಾಸನೆ ಎಲ್ಲ ಜೊತೆಗೆ ಬರುತ್ತವೆ. ನೆನಪಿಗೆ ಹಿಡಿದುಕೊಳ್ಳಲು ಹತ್ತು ಕೊಂಡಿ. ಬರೀ ಹೆಸರಿಗೆ ಒಂದೂ ಇಲ್ಲ. ಇನ್ನು ಮುಖವೇ ಗುರುತು ಸಿಗದ ಸ್ಥಿತಿಯೂ ಇದೆ. ನರವೈದ್ಯ, ಲೇಖಕ ಆಲಿವರ್ ಸ್ಯಾಕ್ಸ್ ಅವರಿಗೇ ಅದು ಇತ್ತು. 2010ರಲ್ಲಿ ಅದರ ಬಗ್ಗೆ ಬರೆದರು. ಅಂಥವರು ಹುಬ್ಬು, ಕನ್ನಡಕ, ನಡಿಗೆ, ದನಿ ಹಿಡಿದುಕೊಂಡೇ ಆಪ್ತರನ್ನು ಕಂಡುಕೊಳ್ಳುತ್ತಾರೆ. ಓಣಿಯ ಕಟ್ಟೆ ಕಂಡುಕೊಂಡಿದ್ದ ಉಪಾಯವೂ ಇದೇ.

ಈಗ ಆಗಲೇ ಹೇಳಿದ ಮಾತಿಗೆ ಬರುತ್ತೇನೆ: ಹೆಸರು ಇಟ್ಟವರು ಯಾರು?

ಹನ್ನೆರಡನೆಯ ಶತಮಾನದ ಶರಣರ ಪಟ್ಟಿಯನ್ನು ಕೈಯಲ್ಲಿ ಹಿಡಿಯಿರಿ. ಮಾರಯ್ಯರು ಒಬ್ಬಿಬ್ಬರಲ್ಲ: ಆಯ್ದಕ್ಕಿ ಮಾರಯ್ಯ, ಮೋಳಿಗೆ ಮಾರಯ್ಯ, ಹೆಂಡದ ಮಾರಯ್ಯ. ಚೌಡಯ್ಯರು: ಅಂಬಿಗರ ಚೌಡಯ್ಯ, ಬಹುರೂಪಿ ಚೌಡಯ್ಯ. ಮಾರಿತಂದೆಯರಿಗೆ ಲೆಕ್ಕವೇ ಇಲ್ಲ: ನಗೆಯ ಮಾರಿತಂದೆ, ಕನ್ನದ ಮಾರಿತಂದೆ, ಸತ್ತಿಗೆ ಕಾಯಕದ ಮಾರಿತಂದೆ. ಕಲ್ಯಾಣದಲ್ಲೂ “ಯಾವ ಮಾರಯ್ಯ?” ಎಂಬ ಪ್ರಶ್ನೆ ದಿನಾ ಎದ್ದಿರಬೇಕು. ಉತ್ತರಕ್ಕೆ ಅವರು ಬಳಸಿದ್ದು ಕುಲವನ್ನಲ್ಲ, ಊರನ್ನಲ್ಲ, ಹೆಚ್ಚಾಗಿ ಕೈಯ ಕೆಲಸವನ್ನು. ಬಿದ್ದ ಅಕ್ಕಿ ಆಯುವವನು, ಕಟ್ಟಿಗೆಯ ಹೊರೆ ಹೊರುವವನು, ಹೆಂಡ ಮಾರುವವನು, ದೋಣಿ ದಾಟಿಸುವವನು, ಜನರನ್ನು ನಗಿಸುವವನು. ನಗಿಸುವುದೂ ಕಾಯಕ ಅಂತ ಒಪ್ಪಿದ ಆ ಸಭೆಗೆ ಒಂದು ನಮಸ್ಕಾರ. ಕನ್ನದ ಮಾರಿತಂದೆ ಮೊದಲು ಕನ್ನ ಹಾಕುತ್ತಿದ್ದ ಕಳ್ಳ ಅಂತ ಪರಂಪರೆ ಹೇಳುತ್ತದೆ. ಕಳ್ಳತನ ಬಿಟ್ಟ, ಹೆಸರು ಬಿಡಲಿಲ್ಲ. ಹೆಣ್ಣುಮಕ್ಕಳಲ್ಲಿ ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ನೂಲುವ ಕದಿರ ರೆಮ್ಮವ್ವೆ. ಸೂಳೆ ಸಂಕವ್ವೆಯದು ನಮಗೆ ಸಿಕ್ಕಿರುವುದು ಒಂದೇ ವಚನ. ಅದರ ಅಂಕಿತ ನಿರ್ಲಜ್ಜೇಶ್ವರ. ಊರು ಬೈಗುಳ ಮಾಡಿ ಎಸೆಯಬಹುದಾಗಿದ್ದ ಪದವನ್ನು ಆಕೆ ಹೆಸರಿನ ಮುಂದೆ ಹೊತ್ತು, ದೇವರಿಗೂ ಅಂಥದೇ ಒಂದು ಹೆಸರು ಕೊಟ್ಟಳು.

ಸಿಸೆರೋ ಬೆಳ್ಳಿಯ ಪಾತ್ರೆಯ ಮೇಲೆ ಮಾಡಿದ್ದು ಸಿರಿವಂತನ ಧಿಮಾಕು. ಈಕೆ ಮಾಡಿದ್ದಕ್ಕೆ ಎದೆ ಬೇಕಿತ್ತು. ಗುರುತನ್ನು ಹೊತ್ತವರೇ ಒಪ್ಪಿ ಹೊತ್ತರೆ ಅದರ ತೂಕವೇ ಬೇರೆ.

ಒಪ್ಪದೆ ಹೊತ್ತವರ ಕತೆ ನಮ್ಮ ನಡುಮನೆಯಲ್ಲೇ ಇದೆ. ನಮ್ಮ ಕಡೆ ಅನೇಕ ಮನೆಗಳಲ್ಲಿ, ವಿಶೇಷವಾಗಿ ಬ್ರಾಹ್ಮಣರ ಮನೆಗಳಲ್ಲಿ, ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುತ್ತಿದ್ದರು. ಗಂಡ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಯಬೇಕು. ತವರಿನಲ್ಲಿ ಒಂದು ಹೆಸರು, ಅಕ್ಕಿಯ ಮೇಲೆ ಇನ್ನೊಂದು. ಆಮೇಲೆ ಆ ಎರಡರಲ್ಲಿ ಒಂದನ್ನೂ ಕರೆಯುವವರಿರಲಿಲ್ಲ. ಮೈದುನರಿಗೆ ಆಕೆ ವೈನಿ, ಅತ್ತೆಗೆ ‘ಗದಗಿನಾಕಿ’, ಮುಂದೆ ಮಕ್ಕಳಾದ ಮೇಲೆ ಇಂಥವನ ಅವ್ವ, ವಯಸ್ಸಾದ ಮೇಲೆ ಎಲ್ಲರಿಗೂ ‘ಗದಗಿನ ಅಜ್ಜಿ’. ಗದಗು ಬಿಟ್ಟು ಅರವತ್ತು ವರ್ಷವಾಗಿದ್ದರೂ ಗದಗಿನ ಅಜ್ಜಿ. ನಿಜ, ಗಂಡಸರಿಗೂ ಇದು ತಪ್ಪಿಲ್ಲ: ನಿವೃತ್ತಿಯಾಗಿ ಧಾರವಾಡದಲ್ಲಿ ಮನೆ ಕಟ್ಟಿಸಿದ ಮುಂಬಯಿ ಮಾಮಾ ಕಡೆಯವರೆಗೂ ಮುಂಬಯಿ ಮಾಮಾನೇ. ಆದರೆ ಮಾಮಾನಿಗೆ ಬ್ಯಾಂಕಿನ ಪುಸ್ತಕದಲ್ಲಿ, ಬಾಗಿಲ ಫಲಕದಲ್ಲಿ, ಲಗ್ನಪತ್ರಿಕೆಯಲ್ಲಿ ಹೆಸರಿತ್ತು. ಅಜ್ಜಿಗೆ ಎಲ್ಲಿತ್ತು? ಅಜ್ಜಿ ತೀರಿಕೊಂಡ ಮೇಲೆ ಮರಣದ ದಾಖಲೆಗೆ ಹೆಸರು ಕೇಳಿದಾಗ ಮೊಮ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದ ಮನೆಗಳು ಈ ಊರಲ್ಲಿ ಒಂದೆರಡಲ್ಲ.

ಇನ್ನೊಂದು ಕಡೆ ಆಕೆ ಗಂಡನ ಹೆಸರು ಹೇಳುವಂತಿರಲಿಲ್ಲ. ‘ನಮ್ಮ ಮನಿಯವರು’, ‘ಇವರು’, ಇಲ್ಲವೆ ಗೋಡೆಯ ಕಡೆ ಮುಖ ಮಾಡಿ “ಕೇಳಿದ್ರೇನು?” ವರ್ಷಕ್ಕೊಮ್ಮೆ ಆರತಿಯ ಹೊತ್ತಿಗೆ, ಹೆಣ್ಣುಮಕ್ಕಳೆಲ್ಲ ಸುತ್ತುವರಿದು ಹೆಸರು ಹೇಳು ಅಂತ ಕಾಡಿದಾಗ ಒಡಪು ಕಟ್ಟಿ, ಪ್ರಾಸದ ಮರೆಯಲ್ಲಿ ಒಮ್ಮೆ ಹೇಳಬಹುದಿತ್ತು. ಆ ಒಡಪುಗಳಲ್ಲಿ ಗಂಡನ ಗುಣ, ಅವಗುಣ, ಅತ್ತೆಮನೆಯ ಜಿಪುಣತನ ಎಲ್ಲ ಸೇರಿಬಿಡುತ್ತಿತ್ತು. ಎದುರಿಗೆ ಕರೆಯಲು ಬಾರದವರನ್ನು ಹೆಣ್ಣುಮಕ್ಕಳು ತಮ್ಮೊಳಗೆ ಹೇಗೆ ಕರೆಯುತ್ತಿದ್ದರು ಎಂಬುದು ಬೇರೆಯೇ ಭಂಡಾರ. ಅಡಿಗೆಮನೆಯ ಆ ಹೆಸರುಗಳು ಹೊರಗಿನ ಕಟ್ಟೆಯವರೆಗೆ ಬರಲೇ ಇಲ್ಲ.

ದೇಹದ ಊನದ ಮಾತೂ ಇಲ್ಲೇ ಬರಬೇಕು. ಕಾಲು ಎಳೆಯುವ ಇಬ್ಬರು ಒಂದೇ ಊರಿನಲ್ಲಿದ್ದರು ಅಂತ ಇಟ್ಟುಕೊಳ್ಳಿ, ಒಬ್ಬ ಜಮೀನಿನ ಒಡೆಯ, ಇನ್ನೊಬ್ಬ ಆ ಜಮೀನಿನಲ್ಲಿ ದುಡಿಯುವವ. ಗುರುತು ಇಬ್ಬರಿಗೂ ಅದೇ ಬೀಳುತ್ತದೆ. ಒಡೆಯನಿಗೆ ಅದು ಬೆನ್ನ ಹಿಂದೆ, ಗೌಡ್ರು ಎಂಬ ಬಾಲದೊಂದಿಗೆ. ದುಡಿಯುವವನಿಗೆ ಮುಖದ ಮೇಲೆ, ಕೂಗಿ, ಏಕವಚನದಲ್ಲಿ, ಅವನ ಮಕ್ಕಳ ಎದುರಿಗೆ. ಬಣ್ಣ, ತೊದಲು, ಕಣ್ಣಿನ ದೋಷ ಎಲ್ಲಕ್ಕೂ ಇದೇ ಲೆಕ್ಕ. ಜಾತಿಯ ವಿಷಯದಲ್ಲಂತೂ ಗುರುತು ಹೇಳುವ ನೆಪದಲ್ಲಿ ಓಣಿಯ ಹೆಸರು ಹೇಳಿ, ಕಣ್ಣು ಮಿಟುಕಿಸಿ ಮುಗಿಸುವ ಜಾಣರು ಇವತ್ತಿಗೂ ಇದ್ದಾರೆ; ಮನೆ ಬಾಡಿಗೆಗೆ ಕೇಳಿಕೊಂಡು ಹೋದವರಿಗೆ ಆ ಜಾಣತನದ ಪರಿಚಯ ಚೆನ್ನಾಗಿ ಇದೆ. ಹಳ್ಳಿಯ ಗುರುತಿನ ಹೆಸರುಗಳೆಲ್ಲ ಸಿಹಿ, ಎಲ್ಲ ಆತ್ಮೀಯತೆ ಅಂತ ಭಾಷಣ ಮಾಡುವವರು ಸಾಮಾನ್ಯವಾಗಿ ಕಟ್ಟೆಯ ಮೇಲೆ ಕುಳಿತು ಹೆಸರು ಇಟ್ಟ ಮನೆತನದವರೇ ಆಗಿರುತ್ತಾರೆ. ನಾನೂ ಅಂಥ ಭಾಷಣಗಳಿಗೆ ಚಪ್ಪಾಳೆ ತಟ್ಟಿದ್ದೇನೆ, ಭಾಷಣ ಚೆನ್ನಾಗಿತ್ತು.

ಈ ಇಡೀ ಪದ್ಧತಿ ಹಿಂದಿನ ಕಾಲದ್ದು, ಆಧಾರ್ ಬಂದ ಮೇಲೆ ಮುಗಿಯಿತು ಅಂದುಕೊಂಡವರು ದಯವಿಟ್ಟು ನಿಮ್ಮ ಕಿಸೆಯ ಫೋನು ತೆಗೆಯಿರಿ. ಗ್ಯಾಸ್ ಬಸು, ಹಾಲು ಮಲ್ಲಪ್ಪ, ಟೈಲ್ಸ್ ಇರ್ಫಾನ್, ಆಟೋ ನವಲೂರು, ಕರೆಂಟ್ ಹೊಸಾ ಹುಡುಗ, ಇವೆಲ್ಲ ಇವೆಯೋ ಇಲ್ಲವೋ? ಮುಂಬಯಿ ಆಡಳಿತದ ಶಾಲಾ ಮಾಸ್ತರು ಹಾಜರಿ ಪುಸ್ತಕದಲ್ಲಿ ಮಾಡಿದ್ದನ್ನೇ ಈಗ ನಾವೆಲ್ಲರೂ ಹೆಬ್ಬೆರಳಿನಲ್ಲಿ ಮಾಡುತ್ತಿದ್ದೇವೆ. ವ್ಯತ್ಯಾಸ ಒಂದು: ಆಗ ಪುಸ್ತಕ ಇದ್ದದ್ದು ಮಾಸ್ತರರ ಕೈಯಲ್ಲಿ ಮಾತ್ರ, ಈಗ ಎಲ್ಲರ ಕೈಯಲ್ಲೂ ಒಂದೊಂದು.

ನಮ್ಮ ಕಾಲೊನಿಯಲ್ಲಿ ಹತ್ತಾರು ಮನೆಗಳಿಗೆ ಭಾಂಡೆ ತಿಕ್ಕಲು ಬರುವ ಹೆಣ್ಣುಮಗಳು ಒಂದು ದಿನ ಫೋನು ಹಿಡಿದುಕೊಂಡು ಬಂದಳು. “ಸರ, ಯಾಕೋ ಫೋನ್ ಹೋಗವಲ್ದು, ನೋಡ್ರಿ.” ಆಕೆಗೆ ಓದು ಬಾರದು. ತೆಗೆದು ನೋಡಿದರೆ ಸಂಖ್ಯೆಗಳ ಮುಂದೆ ಹೆಸರಿನ ಜಾಗದಲ್ಲಿ ಬರೀ ಚಿತ್ರಗಳು; ಮಗಳ ಕೈಯಿಂದ ಮಾಡಿಸಿಕೊಂಡದ್ದಂತೆ. ಮಾವಿನ ಹಣ್ಣು ಅಂದರೆ ಅಂಗಳದಲ್ಲಿ ಮಾವಿನ ಮರ ಇರುವ ಮನೆ. ಕನ್ನಡಕ ಅಂದರೆ ಡಾಕ್ಟರಬಾಯಿ. ನಮ್ಮ ಮನೆಗೆ ನಾಯಿಯ ಚಿತ್ರ. ನಮ್ಮಲ್ಲಿ ನಾಯಿ ಇದೆ, ದೂರುವಂತಿಲ್ಲ. ಎದುರು ಮನೆಯ ನಿವೃತ್ತ ಇಂಜಿನಿಯರರಿಗೆ ಬಿದ್ದದ್ದು ಗಡಿಯಾರ. ಯಾಕೆ ಅಂತ ಕೇಳಿದೆ. “ಹತ್ತು ಮಿನಿಟ್ ತಡಾ ಆದ್ರ ಗೇಟಿಗೇ ನಿಂತಿರ್ತಾರ್ರಿ” ಅಂದಳು. ಇನ್ನೊಂದು ಮನೆಗೆ ಬೀಗದ ಚಿತ್ರ ಇತ್ತು. ಅದಕ್ಕೆ ಆಕೆ ನಕ್ಕಳು, ಹೇಳಲಿಲ್ಲ. ಬೆಳ್ಳಿಯ ಪಾತ್ರೆಯ ಮೇಲೆ ಕಡಲೆಕಾಳು ಕೆತ್ತಿಸಿಕೊಳ್ಳಲು ಒಬ್ಬ ಅಧಿಕಾರಿ ಬೇಕಾಗಿತ್ತು. ಇಲ್ಲಿ ಕೆತ್ತುವವಳು ಆಕೆ, ನಾವು ಬರೀ ಕಾಳು.

ಹೀಗಾಗಿ ಈ ಸಭೆಯಲ್ಲಿರುವ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಅಡ್ಡಹೆಸರುಗಳು ಕಾಗದದ ಮೇಲಿವೆ, ಅವಕ್ಕೆ ಸದ್ಯಕ್ಕೆ ಭಯವಿಲ್ಲ. ಓಣಿಯ ಬಾಯಲ್ಲಿರುವ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ. ಕರೆಯುತ್ತಿದ್ದವರಿಗೂ ಕರೆಸಿಕೊಂಡವರಿಗೂ ಎಪ್ಪತ್ತು ಎಂಬತ್ತಾಗಿದೆ. ಹೊಸಯಲ್ಲಾಪುರ, ಮದಿಹಾಳ, ಹುಬ್ಬಳ್ಳಿಯ ಕಂಚಗಾರ ಗಲ್ಲಿ, ಉಣಕಲ್ಲು, ಒಂದೊಂದನ್ನು ಒಬ್ಬೊಬ್ಬರು ಹಂಚಿಕೊಳ್ಳಿ. ಪ್ರಶ್ನಾವಳಿಯ ಹಾಳೆ ಒಯ್ಯಬೇಡಿ. ಅದನ್ನು ಕಂಡರೆ ಜನ ಆಧಾರ್‌ನಲ್ಲಿರುವ ಹೆಸರು ಹೇಳಿಬಿಡುತ್ತಾರೆ. ಯಾವ ಹೆಸರು ಅನ್ನುವುದರ ಜೊತೆಗೆ ಅದನ್ನು ಯಾರು ಇಟ್ಟರು, ಯಾರ ಎದುರಿಗೆ ಹೇಳುತ್ತಿರಲಿಲ್ಲ ಎಂಬುದನ್ನೂ ಕೇಳಿ ಬರೆದುಕೊಳ್ಳಿ. ನೋವಾಗುವಂಥದು ಬಂದರೆ ಮನೆತನದ ಹೆಸರು ಬಿಟ್ಟು ಬರೆಯಿರಿ. ಗಂಡಸರನ್ನು ಸಂಜೆ ಕಟ್ಟೆಯ ಮೇಲೆ ಕೇಳಬಹುದು. ಹೆಣ್ಣುಮಕ್ಕಳನ್ನು ಬೇರೆ ಹೊತ್ತಿಗೆ, ಮಧ್ಯಾಹ್ನ ಊಟ ಮುಗಿದು ಗಂಡಸರು ಹೊರಗೆ ಹೋದ ಮೇಲೆ, ಹುಡುಗಿಯರೇ ಹೋಗಿ ಕೇಳಬೇಕು. ಇಲ್ಲದಿದ್ದರೆ ಅರ್ಧ ಪಟ್ಟಿ ಮಾತ್ರ ಸಿಗುತ್ತದೆ.